ಹಾಥೋರ್ ಪ್ರೀತಿಯ ದೇವತೆ ಅಂತಾರೆ, ಹಾಗಾದರೆ ಆ ಕೊಲೆಯ ಕಥೆ ಯಾಕೆ?

ಓದುವ_ಹುಚ್ಚು
ಎಲ್ಲರಿಗೂ ನಮಸ್ಕಾರ. ಪ್ರಾಚೀನ ಈಜಿಪ್ಟಿನ ದೇವತೆಗಳ ಬಗ್ಗೆ ಈಚೆಗೆ ಓದುತ್ತಿದ್ದೇನೆ. ಹಾಥೋರ್ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಎಲ್ಲಿ ನೋಡಿದರೂ ಒಂದೇ ಸಾಲು: ಪ್ರೀತಿ, ಸಂಗೀತ, ಕುಣಿತದ ದೇವತೆ. ಹಸುವಿನ ಕಿವಿ, ಕೊಂಬುಗಳ ನಡುವೆ ಸೂರ್ಯನ ಬಿಲ್ಲೆ. ಅಲ್ಲಿಗೆ ಸರಿ. ಆದರೆ ಇವಳೇ ಒಂದು ಸಲ ಮನುಷ್ಯರನ್ನೆಲ್ಲ ಕೊಲ್ಲಲು ಹೊರಟಳು ಅಂತಲೂ ಓದಿದೆ. ಇನ್ನೊಂದು ಕಡೆ ಗಣಿಗಳ ದೇವತೆ, ಮತ್ತೊಂದು ಕಡೆ ಸತ್ತವರನ್ನು ಬರಮಾಡಿಕೊಳ್ಳುವವಳು. ಒಂದು ಕಡೆ ಗಿಡುಗದ ರೂಪದ ದೇವರು ಹೋರಸ್‌ನ ತಾಯಿ, ಇನ್ನೊಂದು ಕಡೆ ಅವನ ಹೆಂಡತಿ. ಇಷ್ಟೂ ಒಬ್ಬಳೇ ಹೇಗೆ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳುತ್ತೀರಾ?

ನೈಲ್_ದಂಡೆ
ಒಳ್ಳೆಯ ಪ್ರಶ್ನೆ ಸರ್. ಇವಳ ಬಗ್ಗೆ ಬರೆಯೋದು ಅಂದರೆ ನನಗೆ ಖುಷಿ, ಸ್ವಲ್ಪ ಉದ್ದ ಆಗುತ್ತೆ.

ಕೊಲೆಯ ಕಥೆಯಿಂದಲೇ ಶುರು ಮಾಡೋಣ, ಯಾಕಂದರೆ ಉಳಿದದ್ದು ಅದರಿಂದಲೇ ಅರ್ಥ ಆಗುತ್ತದೆ. ಸೂರ್ಯದೇವ ರಾ ಮುದುಕನಾಗಿದ್ದಾನೆ. ಅವನ ಮೂಳೆ ಬೆಳ್ಳಿ, ಮೈ ಚಿನ್ನ. ಮನುಷ್ಯರು ಅವನ ವಿರುದ್ಧ ಪಿತೂರಿ ಮಾಡುತ್ತಾರೆ. ರಾ ಹಿರಿಯ ದೇವರುಗಳನ್ನು ಗುಟ್ಟಾಗಿ ಕರೆಸಿ ಏನು ಮಾಡಲಿ ಅಂತ ಕೇಳುತ್ತಾನೆ. ನಿನ್ನ ಕಣ್ಣನ್ನು ಕಳಿಸು ಅನ್ನುತ್ತಾರೆ ಅವರು. ಆ ಕಣ್ಣೇ ಹಾಥೋರ್. ಮರುಭೂಮಿಗೆ ಓಡಿಹೋದ ಜನರನ್ನು ಅಲ್ಲೇ ಕೊಂದು ಅವಳು ಹಿಂದಿರುಗುತ್ತಾಳೆ. ಈ ಹೊತ್ತಿಗೆ ಕಥೆ ಅವಳನ್ನು ಸೆಖ್ಮೆಟ್ ಅಂತ ಕರೆಯುತ್ತದೆ, ಅಂದರೆ ಸಿಂಹಿಣಿ ರೂಪದ ಉಗ್ರ ದೇವತೆ. ಮಾರನೆಯ ದಿನ ಉಳಿದವರನ್ನೂ ಮುಗಿಸಬೇಕು ಅನ್ನುವುದು ಅವಳ ಆಸೆ.

ಅಷ್ಟರಲ್ಲಿ ರಾ ಮನಸ್ಸು ಬದಲಾಗುತ್ತದೆ. ಎಲಿಫೆಂಟೈನ್ ದ್ವೀಪಕ್ಕೆ ಓಟಗಾರರನ್ನು ಅಟ್ಟಿ ಕೆಂಪು ಜಾಜು ತರಿಸುತ್ತಾನೆ. ದಾಸಿಯರು ಬಾರ್ಲಿ ಅರೆದು ಬಿಯರ್ ಮಾಡುತ್ತಾರೆ. ಜಾಜು ಬೆರೆಸಿದ ಮೇಲೆ ಅದು ರಕ್ತದ ಹಾಗೆ ಕಾಣುತ್ತದೆ. ಒಟ್ಟು 7000 ಗಡಿಗೆ. ಬೆಳಗಾಗುವ ಮೊದಲೇ ಅದನ್ನೆಲ್ಲ ಹೊಲಗಳಿಗೆ ಸುರಿಯುತ್ತಾರೆ. ಬೆಳಗ್ಗೆ ಬಂದವಳು ಅದರಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾಳೆ, ಮುಖ ಚೆಂದ ಕಾಣುತ್ತದೆ. ಕುಡಿಯುತ್ತಾಳೆ, ಅಮಲೇರುತ್ತದೆ, ಮನುಷ್ಯರ ಗುರುತೇ ಸಿಗದೆ ಹಿಂದಿರುಗುತ್ತಾಳೆ.

ಆಮೇಲಿನ ಸಾಲನ್ನು ತುಂಬ ಜನ ಗಮನಿಸುವುದಿಲ್ಲ. ವರ್ಷವರ್ಷವೂ ಹಬ್ಬದಲ್ಲಿ ಅವಳಿಗೆ ಅಮಲಿನ ಪೇಯ ಮಾಡಿಕೊಡಬೇಕು ಅಂತ ರಾ ಅಪ್ಪಣೆ ಮಾಡುತ್ತಾನೆ. ಹಬ್ಬ ಹುಟ್ಟಿದ್ದು ಹೀಗೆ. ಅವಳ ಮುಂದೆ ಕುಡಿಯುವುದು, ಕುಣಿಯುವುದು, ವಾದ್ಯ ನುಡಿಸುವುದು ಸುಮ್ನೆ ಮೋಜಿಗಲ್ಲ. ಆ ಸಿಟ್ಟು ಮತ್ತೆ ಏಳದ ಹಾಗೆ ನೋಡಿಕೊಳ್ಳುವ ಕೆಲಸ ಅದು. ಸಂಗೀತದ ದೇವತೆ ಕೊಲ್ಲುವವಳು ಹೇಗಾದಳು ಅಂತ ನೀವು ಕೇಳಿದಿರಿ. ನನ್ನ ಪ್ರಕಾರ ಕೊಲ್ಲಬಲ್ಲವಳು ಆಗಿದ್ದರಿಂದಲೇ ಸಂಗೀತ ಅಷ್ಟು ಮುಖ್ಯವಾಯಿತು.

ಈ ಕಥೆ ನಮಗೆ ಸಿಕ್ಕಿರುವುದು ರಾಜರ ಸಮಾಧಿಗಳಿಂದ. ಟುಟಾಂಖಾಮನ್‌ನ ಶವಪೆಟ್ಟಿಗೆಯ ಸುತ್ತ ಇಟ್ಟಿದ್ದ ಗುಡಿಯಾಕಾರದ ಚಿನ್ನದ ಗೂಡುಗಳಲ್ಲಿ ಎಲ್ಲಕ್ಕಿಂತ ಹೊರಗಿನದರ ಮೇಲೆ ಇದೆ, ಮೊದಲನೆಯ ಸೇಟಿಯ ಸಮಾಧಿಯ ಗೋಡೆಯಲ್ಲೂ ಇದೆ. ಅಂದರೆ ಕ್ರಿ.ಪೂ. 14 ಮತ್ತು 13ನೇ ಶತಮಾನ.

ಜೊಂಡಿನ_ಸದ್ದು
ನೈಲ್_ದಂಡೆ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ನಾನು ಸಂಗೀತ ಕಲಿಸುವವಳು, ಅದಕ್ಕೆ ನನ್ನ ಕಣ್ಣು ಮೊದಲು ಹೋಗುವುದು ಅವಳ ವಾದ್ಯದ ಕಡೆ. ಅದರ ಹೆಸರು ಸಿಸ್ಟ್ರಮ್. ಒಂದು ಹಿಡಿಕೆ, ಮೇಲೆ ಬಾಗಿದ ಚೌಕಟ್ಟು, ಅಡ್ಡಕ್ಕೆ ತೂರಿಸಿದ ಲೋಹದ ಕಡ್ಡಿಗಳು, ಕಡ್ಡಿಗಳಲ್ಲಿ ಬಿಲ್ಲೆಗಳು. ಹಿಡಿಕೆಯ ತುದಿಗೆ ಹಾಥೋರ್ ಮುಖ. ಅಲ್ಲಾಡಿಸಿದರೆ ಒಣಗಿದ ಜೋಳದ ದಂಟು ಗಾಳಿಗೆ ಸರಸರ ಅಂದ ಹಾಗೆ ಸದ್ದು. ಜೌಗಿನ ಪಪೈರಸ್ ಜೊಂಡನ್ನು ದೇವತೆಗೆ ಅಲ್ಲಾಡಿಸಿ ಅರ್ಪಿಸುವ ಪದ್ಧತಿಯೂ ಇತ್ತು, ಇದರ ಸದ್ದು ಅದನ್ನೇ ನೆನಪಿಸುತ್ತದೆ. ಜೊಂಡಿನ ಮಧ್ಯದಿಂದ ತಲೆ ಹೊರಗೆ ಹಾಕುವ ಹಸುವಾಗಿಯೇ ಅವಳನ್ನು ತುಂಬ ಕಡೆ ಬಿಡಿಸಿದ್ದಾರೆ. ಜೊತೆಗೆ ಮೆನಾಟ್ ಅಂತ ಮಣಿಗಳ ಭಾರದ ಹಾರ, ಅದನ್ನೂ ಕೈಯಲ್ಲಿ ಹಿಡಿದು ಗಲಗಲ ಮಾಡುತ್ತಿದ್ದರು.

ಇನ್ನೊಂದು ವಿಷಯ. ಪಿರಮಿಡ್ ಕಟ್ಟಿದ ಕಾಲದಲ್ಲಿ ಅವಳ ಪೂಜೆ ಮಾಡುತ್ತಿದ್ದವರಲ್ಲಿ ಹೆಂಗಸರೇ ಜಾಸ್ತಿ. ಆ ಕಾಲದ ಸಮಾಧಿಗಳಲ್ಲಿ ‘ಹಾಥೋರ್‌ನ ಪೂಜಾರಿಣಿ’ ಅನ್ನುವ ಪದವಿ ಮತ್ತೆ ಮತ್ತೆ ಬರುತ್ತದೆ. ಮುಂದೆ ಗಂಡಸರು ಆ ಜಾಗಕ್ಕೆ ಬಂದರು, ಹೆಂಗಸರು ಹಾಡುವವರಾಗಿ, ನುಡಿಸುವವರಾಗಿ ಉಳಿದರು. ಈ ಬದಲಾವಣೆ ನನಗೆ ಬೇಸರ ತರಿಸುತ್ತದೆ.

ಓದುವ_ಹುಚ್ಚು
ಇಬ್ಬರಿಗೂ ಧನ್ಯವಾದ. ಹಾಗಾದರೆ ಸೆಖ್ಮೆಟ್ ಬೇರೆ ದೇವತೆಯಾ, ಇವಳೇನಾ?

ನೈಲ್_ದಂಡೆ
ಎರಡೂ. ಸೆಖ್ಮೆಟ್‌ಗೆ ಬೇರೆ ಗುಡಿ ಇದೆ, ಬೇರೆ ಪೂಜಾರಿಗಳಿದ್ದಾರೆ. ಆದರೆ ‘ರಾ ಕಣ್ಣು’ ಅನ್ನುವ ಜಾಗದಲ್ಲಿ ಯಾವ ದೇವತೆ ಬೇಕಾದರೂ ನಿಲ್ಲಬಹುದು: ಹಾಥೋರ್, ಸೆಖ್ಮೆಟ್, ಟೆಫ್ನುಟ್, ಮುಟ್, ಬಾಸ್ಟೆಟ್. ಸಿಟ್ಟಾದ ದೇವತೆ ದಕ್ಷಿಣಕ್ಕೆ ನ್ಯೂಬಿಯಾ ಕಡೆ ಹೊರಟುಹೋಗುತ್ತಾಳೆ, ಅವಳನ್ನು ಓಲೈಸಿ ವಾಪಸ್ ಕರೆತರಬೇಕು ಅನ್ನುವ ಕಥೆಯೂ ಇದೆ. ಫಿಲೇ ದ್ವೀಪದ ಹಾಥೋರ್ ಗುಡಿ ನೋಡಿ. ಕಂಬಗಳ ಮೇಲೆ ಕುಳ್ಳ ದೇವರು ಬೆಸ್ ತಮ್ಮಟೆ ಬಡಿಯುತ್ತಾನೆ, ಕೋತಿ ತಂತಿವಾದ್ಯ ನುಡಿಸುತ್ತದೆ. ದೇವತೆ ಊರಿಗೆ ವಾಪಸ್ ಬರುತ್ತಿದ್ದಾಳೆ, ಅದಕ್ಕೆ ಈ ಸಂಭ್ರಮ.

ತಾಯಿ, ಹೆಂಡತಿ ಗೊಂದಲಕ್ಕೂ ಒಂದು ಮಾತು. ಎಡ್ಫು ಊರಲ್ಲಿ ಅವಳು ಹೋರಸ್‌ನ ಹೆಂಡತಿ. ವರ್ಷಕ್ಕೊಮ್ಮೆ ಅವಳ ಮುಖ್ಯ ಗುಡಿ ಇರುವ ದೆಂಡೆರಾದಿಂದ ಅವಳ ಮೂರ್ತಿಯನ್ನು ದೋಣಿಯಲ್ಲಿ ನೈಲ್ ಎದುರು ಹರಿವಿಗೆ 150 ಕಿ.ಮೀ.ಗೂ ಜಾಸ್ತಿ ದೂರ ಕೊಂಡೊಯ್ದು ಅವನ ಗುಡಿಯಲ್ಲಿ ಇಡುತ್ತಿದ್ದರು. ಅಮಾವಾಸ್ಯೆಗೆ ತಲುಪಿ ಸುಮಾರು ಎರಡು ವಾರ ಹಬ್ಬ. ರಾಜನಿಗೆ ಹಾಲೂಡುವ ಹಸುವಾಗಿ ನಿಂತಾಗ ತಾಯಿ, ಯಾಕಂದರೆ ರಾಜ ಅಂದರೆ ಹೋರಸ್. ರಾ ಜೊತೆಗಿದ್ದಾಗ ಕೆಲವು ಕಡೆ ಮಗಳು. ಊರು ಬದಲಾದರೆ ನಂಟು ಬದಲಾಗುತ್ತಿತ್ತು. ಅದು ಅವರಿಗೆ ತೊಡಕು ಅನ್ನಿಸಲಿಲ್ಲ.

ಗಣಿ_ಮಣ್ಣು
ಗಣಿಯ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಾನು ಭೂವಿಜ್ಞಾನ ಓದಿ ಗಣಿಗಳಲ್ಲೇ ಕೆಲಸ ಮಾಡಿದವನು. ನನಗೆ ಹಾಥೋರ್ ಅಂದರೆ ಮೊದಲು ಸಿನಾಯ್.

ಸಿನಾಯ್ ಮರುಭೂಮಿಯ ಸೆರಾಬಿತ್ ಎಲ್ ಖಾದಿಮ್ ಅನ್ನುವ ಎತ್ತರದ ಬಂಡೆಗಲ್ಲಿನ ಬಯಲಲ್ಲಿ ಟರ್ಕಾಯ್ಸ್ ಕಲ್ಲಿನ ಗಣಿಗಳಿದ್ದವು. ಆ ಪಚ್ಚೆನೀಲಿ ಕಲ್ಲು ಗೊತ್ತಲ್ವಾ, ಈಜಿಪ್ಟಿನ ಒಡವೆಗಳಲ್ಲಿ ಕಾಣುತ್ತದಲ್ಲ, ಅದೇ. ಅಲ್ಲಿ ಬಂಡೆಯನ್ನೇ ಕೊರೆದ ಗವಿಯಿಂದ ಶುರುವಾದ ಒಂದು ಗುಡಿ ಇದೆ. ದೇವತೆ ಹಾಥೋರ್, ‘ಟರ್ಕಾಯ್ಸ್‌ನ ಒಡತಿ’. ನೂರಾರು ವರ್ಷ ರಾಜರುಗಳು ತಂಡ ಕಳಿಸಿದರು, ಬಂದ ತಂಡಗಳು ಕಲ್ಲು ಕೆತ್ತಿಸಿ ನೆಟ್ಟರು. ರಾಮ್ಸೆಸ್ ರಾಜರ ಕಾಲದವರೆಗೂ ಇದು ನಡೆಯಿತು.

ಅಲ್ಲಿನ ಒಂದು ಶಾಸನ ನನಗೆ ತುಂಬ ಇಷ್ಟ. ಮೂರನೆಯ ಅಮೆನೆಮ್ಹಾಟ್ ಕಾಲದ್ದು, ಕ್ರಿ.ಪೂ. 19ನೇ ಶತಮಾನ ಇಟ್ಟುಕೊಳ್ಳಿ. ಹರ್ವೆರ್ರೆ ಅನ್ನುವ ಅಧಿಕಾರಿ ಬರೆಸಿದ್ದು. ಅವನ ತಂಡ ಗಣಿಗೆ ಬಂದದ್ದು ಸುಡುಬೇಸಿಗೆಯಲ್ಲಿ, ಅದು ಗಣಿ ಕೆಲಸದ ಕಾಲವೇ ಅಲ್ಲ. ಬೇಸಿಗೆಯಲ್ಲಿ ಕಲ್ಲಿಗೆ ಸರಿಯಾದ ಬಣ್ಣ ಸಿಗುವುದಿಲ್ಲ ಅಂತ ಅಲ್ಲಿನ ಅನುಭವಸ್ಥರು ಎಚ್ಚರಿಸಿದರು. ಬೆಟ್ಟ ಕಾದು ಮೈ ಸುಡುತ್ತಿತ್ತು ಅಂತ ಅವನೇ ಬರೆಸಿದ್ದಾನೆ. ಆದರೂ ದೇವತೆಯ ಮೇಲೆ ಭಾರ ಹಾಕಿ ಕೆಲಸ ನಡೆಸಿದ, ತಂಡದಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ, ಹಿಂದೆ ಬಂದವರಿಗಿಂತ ಜಾಸ್ತಿ ಕಲ್ಲು ಸಿಕ್ಕಿತು. ಮುಂದೆ ಬರುವವರೇ, ಧೈರ್ಯ ಬಿಡಬೇಡಿ, ಹಾಥೋರ್‌ಗೆ ಅರ್ಪಿಸಿ, ಒಳ್ಳೆಯದಾಗುತ್ತದೆ ಅನ್ನುವ ಅರ್ಥದಲ್ಲಿ ಶಾಸನ ಮುಗಿಯುತ್ತದೆ.

ಕಲ್ಲಿನ ಬಣ್ಣ ಒಡೆದು ನೋಡುವವರೆಗೆ ಗೊತ್ತಾಗದ ಕೆಲಸ ಇದು. ಭೂಮಿಯ ಒಳಗೆ ಏನಿದೆ ಅಂತ ತಿಳಿಯದೆ ಇಳಿಯುವವರಿಗೆ ಯಾರಾದರೂ ಒಬ್ಬರು ಬೇಕು. ಅವರ ಪಾಲಿಗೆ ಹಾಥೋರ್ ಪ್ರೀತಿಯ ದೇವತೆ ಆಗಿರಲಿಲ್ಲ. ಬಂಡೆಯ ಒಳಗಿರುವುದನ್ನು ಹೊರಗೆ ಕೊಡುವವಳು ಆಗಿದ್ದಳು. ತಿಮ್ನಾ ಕಣಿವೆಯ ತಾಮ್ರದ ಗಣಿಗಳಲ್ಲೂ ಅವಳ ಚಿಕ್ಕ ಗುಡಿ ಸಿಕ್ಕಿದೆ.

ಲಿಪಿ_ಮೋಹ
ಗಣಿ_ಮಣ್ಣು ಸರ್, ಸೆರಾಬಿತ್ ಅಂದಮೇಲೆ ನಾನು ಸುಮ್ಮನಿರಲಾರೆ. ಆ ಗುಡಿಯಲ್ಲಿ 1905ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ತಂಡಕ್ಕೆ ಒಂದು ಪುಟ್ಟ ಕಲ್ಲಿನ ಸ್ಫಿಂಕ್ಸ್, ಅಂದರೆ ಸಿಂಹದ ಮೈ, ಮನುಷ್ಯನ ತಲೆಯ ಮೂರ್ತಿ ಸಿಕ್ಕಿತು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ಭುಜದ ಹತ್ತಿರ ಈಜಿಪ್ಟಿನ ಚಿತ್ರಲಿಪಿಯಲ್ಲಿ ಹಾಥೋರ್ ಹೆಸರಿದೆ. ಬುಡದಲ್ಲಿ ಬೇರೆಯೇ ಥರದ, ಸ್ವಲ್ಪ ಒಡ್ಡೊಡ್ಡಾಗಿ ಗೀಚಿದ ಗುರುತುಗಳಿವೆ. 1916ರಲ್ಲಿ ಈಜಿಪ್ಟ್ ಲಿಪಿತಜ್ಞ ಅಲನ್ ಗಾರ್ಡಿನರ್ ಆ ಗುರುತುಗಳಲ್ಲಿ ‘ಬಾಲತ್‌ಗೆ’ ಅನ್ನುವುದನ್ನು ಓದಿದ. ಬಾಲತ್ ಅಂದರೆ ಕಾನಾನ್ (ಈಗಿನ ಇಸ್ರೇಲ್, ಪ್ಯಾಲೆಸ್ತೀನ್ ಸುತ್ತಿನ ನಾಡು) ಕಡೆಯ ಜನರ ಮಾತಿನಲ್ಲಿ ಒಡತಿ. ಗಣಿಗೆ ಬಂದಿದ್ದ ಆ ಕಡೆಯವರು ಹಾಥೋರ್‌ಳನ್ನು ತಮ್ಮ ದೇವತೆಯ ಹೆಸರಿನಿಂದಲೇ ಕರೆಯುತ್ತಿದ್ದರು.

ಆ ಗುರುತುಗಳು ಅಕ್ಷರಮಾಲೆಯ ಅತಿ ಹಳೆಯ ಸಾಕ್ಷಿಗಳಲ್ಲಿ ಒಂದು. ಅದರಿಂದ ಫಿನಿಷಿಯನ್ ಲಿಪಿ, ಅದರಿಂದ ಗ್ರೀಕ್ ಮತ್ತು ಅರಾಮಿಕ್. ನಮ್ಮ ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿಗೆ ಅರಾಮಿಕ್ ಪ್ರೇರಣೆ ಇದೆ ಅಂತ ತುಂಬ ವಿದ್ವಾಂಸರು ಹೇಳುತ್ತಾರೆ. ಎಲ್ಲರೂ ಒಪ್ಪುವುದಿಲ್ಲ, ಬ್ರಾಹ್ಮಿ ಇಲ್ಲೇ ಹುಟ್ಟಿದ್ದು ಅನ್ನುವ ವಾದವೂ ಇದೆ. ಮೊದಲ ವಾದ ನಿಂತರೆ ನಾನು ಈಗ ಬರೆಯುತ್ತಿರುವ ಈ ಅಕ್ಷರಗಳ ಒಂದು ಬೇರು ಹಾಥೋರ್ ಗುಡಿಯ ಅಂಗಳದವರೆಗೆ ಹೋಗುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ ಅನ್ನುತ್ತದೆ.

ನೈಲ್_ದಂಡೆ
ಹೊರದೇಶದ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಲೆಬನಾನ್ ಕಡೆಯ ಬಿಬ್ಲಾಸ್‌ನಿಂದ ಈಜಿಪ್ಟಿಗೆ ದೇವದಾರು ಮರ ಬರುತ್ತಿತ್ತು. ಅಲ್ಲಿನ ಊರ ದೇವತೆಯನ್ನು ಈಜಿಪ್ಟಿನವರು ‘ಬಿಬ್ಲಾಸ್‌ನ ಒಡತಿ ಹಾಥೋರ್’ ಅಂದರು. ಧೂಪದ ನಾಡು ಪುಂಟ್, ಅಲ್ಲೂ ಅವಳೇ ಒಡತಿ. ಮರ, ಧೂಪ, ಕಲ್ಲು, ತಾಮ್ರ, ಬೆಲೆಬಾಳುವುದು ಎಲ್ಲಿಂದ ಬಂದರೂ ಅಲ್ಲಿ ಅವಳಿದ್ದಳು.

ರಾತ್ರಿ_ಪಾಳಿ
ದೆಂಡೆರಾ ಗುಡಿಯಲ್ಲಿ ವಿದ್ಯುತ್ ಬಲ್ಬಿನ ಚಿತ್ರ ಇದೆಯಂತಲ್ಲ? ವಿಡಿಯೊ ನೋಡಿದೆ. ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ ಯಾಕೆ?

ನೈಲ್_ದಂಡೆ
ಅದು ಬಲ್ಬ್ ಅಲ್ಲ. ಗುಡಿಯ ನೆಲಮಾಳಿಗೆಯ ಇಕ್ಕಟ್ಟಾದ ಕೋಣೆಯ ಗೋಡೆಯಲ್ಲಿ ಆ ಚಿತ್ರ ಇದೆ. ಕಮಲದ ಹೂವಿನಿಂದ ಹಾವೊಂದು ಏಳುತ್ತಿದೆ, ಸುತ್ತ ಉದ್ದನೆಯ ಗುಳ್ಳೆಯಂಥ ಆಕಾರ. ಪಕ್ಕದಲ್ಲೇ ಬರಹವೂ ಇದೆ. ಆ ಹಾವು ಹಾಥೋರ್‌ನ ಮಗ ಹರ್ಸೋಮ್ಟಸ್ ದೇವರ ರೂಪ, ಸೃಷ್ಟಿಯ ಮೊದಲಲ್ಲಿ ಕಮಲದಿಂದ ಹುಟ್ಟಿದವನು. ಅಂಥ ಮೂರ್ತಿಗಳನ್ನು ಯಾವ ಲೋಹದಲ್ಲಿ, ಎಷ್ಟು ಎತ್ತರಕ್ಕೆ ಮಾಡಬೇಕು ಅನ್ನುವ ವಿವರವೂ ಆ ಬರಹಗಳಲ್ಲಿದೆ. ಚಿತ್ರ ತೋರಿಸುವ ವಿಡಿಯೊಗಳು ಪಕ್ಕದ ಬರಹ ಓದಿ ಹೇಳುವುದಿಲ್ಲ. ನನಗೆ ಸಂಕಟ ಆಗುವುದು ಅದಕ್ಕೆ.

ಸೂಲಗಿತ್ತಿ_ಮೊಮ್ಮಗಳು
ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್. ನೀವೆಲ್ಲ ರಾಜರು, ಗಣಿ, ಲಿಪಿ ಅಂತ ಬರೆದಿರಿ, ಎಲ್ಲ ಓದಿದೆ. ಹೆರಿಗೆಯ ವಿಷಯ ಯಾರೂ ಎತ್ತಲಿಲ್ಲ.

ಆಗ ಈಜಿಪ್ಟಿನ ಹೆಂಗಸರು ಇಟ್ಟಿಗೆಗಳ ಮೇಲೆ ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದರು. ಬರಹಗಳಿಂದ ಇದು ಮೊದಲೇ ಗೊತ್ತಿತ್ತು. ಆದರೆ ಅಂಥ ಇಟ್ಟಿಗೆ ಕೈಗೆ ಸಿಕ್ಕಿದ್ದು 2001ರಲ್ಲಿ, ಅಬಿಡೋಸ್‌ನ ಒಂದು ದೊಡ್ಡ ಮನೆಯ ಅವಶೇಷದಲ್ಲಿ. ಹಸಿಮಣ್ಣಿನ ಇಟ್ಟಿಗೆ, ಮೇಲೆ ಬಣ್ಣದ ಚಿತ್ರ. ತಾಯಿ ಕೂತಿದ್ದಾಳೆ, ಎದುರಿಗೆ ಕೂಸನ್ನು ಎತ್ತಿ ಹಿಡಿದಿದ್ದಾಳೆ. ಮುಂದೊಬ್ಬಳು, ಹಿಂದೊಬ್ಬಳು ನೆರವಿಗೆ. ಎರಡೂ ಪಕ್ಕ ಕಂಬದ ಮೇಲೆ ಹಸುವಿನ ಕಿವಿಯ ಹಾಥೋರ್ ಮುಖ. ತಾಯಿಯ ಕೂದಲಿಗೂ ನೀಲಿ ಬಣ್ಣ ಬಳಿದಿದ್ದಾರೆ, ದೇವತೆಗಳಿಗೆ ಬಳಿಯುವ ಬಣ್ಣ. ಅಂದರೆ ಆ ಗಳಿಗೆಯಲ್ಲಿ ಹೆರುತ್ತಿರುವವಳು ಹಾಥೋರ್ ಜೊತೆ ಒಂದಾಗಿದ್ದಾಳೆ. 3500 ವರ್ಷಕ್ಕೂ ಹಳೆಯ ಇಟ್ಟಿಗೆ.

ಡೇರ್ ಎಲ್ ಬಹ್ರಿಯಲ್ಲಿ ಬೆಟ್ಟದ ಬುಡಕ್ಕೆ ಅವಳ ಗುಡಿಗಳಿದ್ದವು. ಅಲ್ಲಿ ಸಾಮಾನ್ಯ ಜನ ಇಟ್ಟುಹೋದ ಹರಕೆಗಳು ರಾಶಿರಾಶಿ ಸಿಕ್ಕಿವೆ. ಪುಟ್ಟ ಹಸುಗಳು, ಮಣಿಸರ, ಕಣ್ಣು ಮತ್ತು ಕಿವಿಯ ಆಕಾರ ಕೊರೆದ ಬಿಲ್ಲೆ, ಚಿತ್ರ ಬರೆದ ಬಟ್ಟೆ, ಹೆಂಗಸಿನ ಬೊಂಬೆ, ಮರದಲ್ಲಿ ಕೆತ್ತಿದ ಗಂಡಸಿನ ಜನನಾಂಗ ಕೂಡ. ಮಕ್ಕಳಾಗಲಿ ಅಂತ, ಹೆರಿಗೆ ಸುಸೂತ್ರ ಆಗಲಿ ಅಂತ, ನನ್ನ ಮಾತು ಕೇಳಿಸಿಕೋ ಅಂತ ಕೇಳಿಕೊಂಡವು. ಹಾಥೋರ್ ಯಾರು ಅಂತ ತಿಳಿಯಲು ಆ ರಾಶಿಗಿಂತ ದೊಡ್ಡ ದಾಖಲೆ ಬೇಡ ಅನ್ನಿಸುತ್ತದೆ ನನಗೆ.

ಜೊಂಡಿನ_ಸದ್ದು
ಅಕ್ಕ, ತುಂಬ ಚೆನ್ನಾಗಿ ಬರೆದಿರಿ. ನೀವು ಹೇಳಿದ ಜಾಗದ ಹತ್ತಿರವೇ ಡೇರ್ ಎಲ್ ಮದೀನಾ. ರಾಜರ ಸಮಾಧಿ ಕೊರೆಯುವ ಕೆಲಸಗಾರರ ಊರು ಅದು. ಅಲ್ಲಿ ಸಿಕ್ಕ ಒಬ್ಬ ಹೆಂಗಸಿನ ಮಮ್ಮಿಯ ಮೇಲೆ 30ಕ್ಕೂ ಜಾಸ್ತಿ ಹಚ್ಚೆಗಳಿವೆ ಅಂತ 2016ರಲ್ಲಿ ಸುದ್ದಿ ಬಂತು. ಉಳಿದಿರುವುದು ಮುಂಡದ ಭಾಗ ಅಷ್ಟೇ. ಕತ್ತಿನ ಮೇಲೆ ಕಣ್ಣಿನ ಚಿತ್ರಗಳು, ಸೊಂಟದ ಹತ್ತಿರ ಕಮಲ, ತೋಳಿನ ಮೇಲೆ ಮೆನಾಟ್ ಹಾರ ತೊಟ್ಟ ಎರಡು ಹಸುಗಳು. ಹಾಥೋರ್ ಸೇವೆಯಲ್ಲಿದ್ದವಳು ಇರಬೇಕು ಅಂತ ಅಧ್ಯಯನ ಮಾಡಿದವರು ಹೇಳುತ್ತಾರೆ. ಹಚ್ಚೆ ಇರುವ ಇನ್ನೊಬ್ಬಳು ಅಮುನೆಟ್, 1891ರಲ್ಲಿ ಸಿಕ್ಕವಳು. ಅವಳು ಹಾಥೋರ್ ಪೂಜಾರಿಣಿ ಅಂತ ಬರಹವೇ ಹೇಳುತ್ತದೆ. ಆದರೂ ಹಚ್ಚೆ ನೋಡಿ, ಕುಣಿಯುವವಳೋ ರಾಜನ ಉಪಪತ್ನಿಯೋ ಅಂತ ತುಂಬ ಕಾಲ ಬರೆದರು. ಪೂಜೆಯ ಕೆಲಸವನ್ನು ಮೈಮೇಲೆ ಹೊತ್ತವಳ ಬಗ್ಗೆ ಹಾಗೆ ಬರೆದದ್ದು ಅನ್ಯಾಯ.

ಹಳೇ_ಪುಸ್ತಕ
ಎಲ್ಲ ಸರಿ, ಆದರೆ ಕೊನೆಗೆ ಉಳಿದದ್ದು ಈಜಿಪ್ಟಿನ ಇನ್ನೊಬ್ಬ ದೇವತೆ ಐಸಿಸ್ ಅಲ್ಲವೇ? ರೋಮ್‌ವರೆಗೆ ಹೋದವಳು ಅವಳು. ಕೊಂಬು, ಸೂರ್ಯನ ಬಿಲ್ಲೆ, ಸಿಸ್ಟ್ರಮ್ ಎಲ್ಲ ಅವಳ ಕೈಗೆ ಬಂತು. ಹಾಥೋರ್‌ಳನ್ನು ಐಸಿಸ್‌ನ ಹಳೆಯ ರೂಪ ಅಂದರೆ ತಪ್ಪೇನು?

ನೈಲ್_ದಂಡೆ
ನಾನು ಒಪ್ಪುವುದಿಲ್ಲ ಸರ್. ಐಸಿಸ್ ಹಾಥೋರ್‌ನ ಗುರುತುಗಳನ್ನು ತೊಟ್ಟದ್ದು ನಿಜ. ಹೊಸ ರಾಜ್ಯ ಅನ್ನುವ ಕಾಲದಿಂದ (ಸುಮಾರು ಕ್ರಿ.ಪೂ. 16ನೇ ಶತಮಾನದಿಂದ ಶುರು) ಎಷ್ಟೋ ಚಿತ್ರಗಳಲ್ಲಿ ಹೆಸರು ಓದದೆ ಇಬ್ಬರಲ್ಲಿ ಯಾರು ಅಂತ ಹೇಳಲು ಬರುವುದಿಲ್ಲ. ಆದರೆ ಕಥೆಗಳಲ್ಲಿ ಸ್ವಭಾವ ಬೇರೆ. ಐಸಿಸ್ ಕೊಲೆಯಾದ ಗಂಡನನ್ನು ಹುಡುಕುತ್ತಾಳೆ, ಮಗನನ್ನು ಬಚ್ಚಿಟ್ಟು ಸಾಕುತ್ತಾಳೆ, ಉಪಾಯದಿಂದ ಗೆಲ್ಲುತ್ತಾಳೆ. ಹಾಥೋರ್ ಹಾಗಲ್ಲ. ರಾಜ್ಯಕ್ಕಾಗಿ ಹೋರಸ್ ಮತ್ತು ಅವನ ಚಿಕ್ಕಪ್ಪ ಸೇತ್ ಜಗಳವಾಡುವ ಕಥೆಯಲ್ಲಿ ಸೂರ್ಯದೇವ ಮುನಿಸಿಕೊಂಡು ಅಂಗಾತ ಮಲಗಿಬಿಡುತ್ತಾನೆ, ನ್ಯಾಯಸಭೆಯೇ ನಿಂತುಹೋಗುತ್ತದೆ. ಹಾಥೋರ್ ಬಂದು ಅವನೆದುರು ತನ್ನ ಬಟ್ಟೆ ಸರಿಸುತ್ತಾಳೆ. ಅವನು ನಕ್ಕು, ಎದ್ದು, ಸಭೆಗೆ ಹೋಗುತ್ತಾನೆ. ಅದೇ ಕಥೆಯಲ್ಲಿ ಹೋರಸ್‌ನ ಕಣ್ಣು ಕಿತ್ತುಹೋದಾಗ ಜಿಂಕೆಯ ಹಾಲು ಕರೆದು ಹಾಕಿ ವಾಸಿ ಮಾಡುವವಳೂ ಅವಳೇ. ನಿಂತುಹೋದ ಲೋಕವನ್ನು ಮತ್ತೆ ನಡೆಸುವುದು ಹಾಥೋರ್ ಕೆಲಸ. ಮುನಿಸಿಕೊಂಡ ದೇವರನ್ನು ಅವಳು ನಗಿಸುತ್ತಾಳೆ, ಮುನಿಸಿಕೊಂಡ ಅವಳನ್ನು ಜನ ನಗಿಸುತ್ತಾರೆ. ಐಸಿಸ್ ಕಥೆಯಲ್ಲಿ ಈ ಕೊಡುಕೊಳ್ಳುವಿಕೆ ನನಗೆ ಕಂಡಿಲ್ಲ.

ಹಳೇ_ಪುಸ್ತಕ
ಹೋರಸ್ ಸೇತ್ ಕಥೆಯ ಮಾತು ಒಪ್ಪುತ್ತೇನೆ. ಆದರೆ ಪೂಜೆ ಮಾಡುವ ಜನ ಅಷ್ಟು ಭೇದ ಮಾಡುತ್ತಿದ್ದರೋ ಇಲ್ಲವೋ ಅನ್ನುವ ಅನುಮಾನ ನನಗೆ ಉಳಿದೇ ಇದೆ.

ಓದುವ_ಹುಚ್ಚು
ಸತ್ತವರ ವಿಷಯ ಉಳಿಯಿತು. ಅದನ್ನೂ ಹೇಳಿ ಸರ್, ಆಮೇಲೆ ಕಾಡುವುದಿಲ್ಲ.

ನೈಲ್_ದಂಡೆ
ಕೇಳಿ, ಅದಕ್ಕೇನು! ಥೀಬ್ಸ್ ಊರಿಗೆ ಪಶ್ಚಿಮಕ್ಕೆ ಬೆಟ್ಟ, ಸಮಾಧಿಗಳೆಲ್ಲ ಆ ಕಡೆ. ಸಂಜೆ ಸೂರ್ಯ ಆ ಬೆಟ್ಟದ ಹಿಂದೆ ಮುಳುಗುತ್ತಾನೆ. ಅಲ್ಲಿ ಅವನನ್ನು ಬರಮಾಡಿಕೊಳ್ಳುವವಳು ಹಾಥೋರ್, ‘ಪಶ್ಚಿಮದ ಒಡತಿ’. ಸತ್ತವರಿಗೂ ಅದೇ ದಾರಿ. ಸತ್ತವರ ಜೊತೆ ಸಮಾಧಿಯಲ್ಲಿ ಇಡುತ್ತಿದ್ದ ಬರಹಗಳಲ್ಲಿ ಒಂದಾದ, ಅನಿ ಅನ್ನುವವನ ಪಪೈರಸ್ ಸುರುಳಿಯ ಕೊನೆಯ ಚಿತ್ರದಲ್ಲಿ ಬೆಟ್ಟದ ಇಳಿಜಾರಿನಿಂದ, ಜೊಂಡಿನ ನಡುವೆ ಹಸುವೊಂದು ತಲೆ ಹೊರಗೆ ಹಾಕಿದೆ. ಅತ್ತಿ ಜಾತಿಯ ಮರದ ದೇವತೆಯಾಗಿಯೂ ಅವಳು ಸತ್ತವರಿಗೆ ನೀರು, ರೊಟ್ಟಿ ಕೊಡುತ್ತಾಳೆ. ಸತ್ತವರನ್ನೆಲ್ಲ ಸತ್ತವರ ಲೋಕದ ದೇವರು ಒಸಿರಿಸ್‌ನ ಹೆಸರು ಸೇರಿಸಿ ‘ಒಸಿರಿಸ್ ಇಂಥವರು’ ಅಂತ ಕರೆಯುವ ರೂಢಿ ಇತ್ತು. ಕೊನೆಯ ಕಾಲಘಟ್ಟಗಳಲ್ಲಿ ಹೆಂಗಸರನ್ನು ‘ಹಾಥೋರ್ ಇಂಥವಳು’ ಅಂತಲೂ ಬರೆಯತೊಡಗಿದರು. ಹಾಗೆಯೇ ಏಳು ಹಾಥೋರ್‌ಗಳು ಅಂತ ಇದ್ದಾರೆ. ಮಗು ಹುಟ್ಟಿದಾಗ ಬಂದು ಅದರ ಸಾವು ಹೇಗೆ ಅಂತ ನುಡಿಯುತ್ತಾರೆ. ಒಂದು ಕಥೆಯಲ್ಲಿ ರಾಜಕುಮಾರನಿಗೆ ಮೊಸಳೆ, ಹಾವು ಅಥವಾ ನಾಯಿಯಿಂದ ಸಾವು ಅಂತ ಹೇಳಿಹೋಗುತ್ತಾರೆ. ಹುಟ್ಟಿನ ಕೋಣೆಯಲ್ಲೂ ಅವಳೇ, ಸಾವಿನ ಬಾಗಿಲಲ್ಲೂ ಅವಳೇ.

ಸೂಲಗಿತ್ತಿ_ಮೊಮ್ಮಗಳು
ಮುಂದಿನ ಚಳಿಗಾಲ ಈಜಿಪ್ಟಿಗೆ ಹೋಗುವ ಯೋಚನೆ ಇದೆ. ದೆಂಡೆರಾದಲ್ಲಿ ಏನು ತಪ್ಪದೆ ನೋಡಬೇಕು?

ನೈಲ್_ದಂಡೆ
ಲಕ್ಸರ್‌ನಿಂದ ಉತ್ತರಕ್ಕೆ ಸುಮಾರು 60 ಕಿ.ಮೀ., ಕಾರಿನಲ್ಲಿ ಹೋಗಿ ಒಂದೇ ದಿನಕ್ಕೆ ವಾಪಸ್ ಬರಬಹುದು ಮೇಡಂ. ಈಗ ನಿಂತಿರುವ ಗುಡಿ ಕ್ರಿ.ಪೂ. 54ರಲ್ಲಿ ಶುರುವಾದದ್ದು, ಕ್ಲಿಯೋಪಾತ್ರಳ ತಂದೆ 12ನೆಯ ಟಾಲೆಮಿ ಕಾಲ. ಮುಂದಿನ ಮಂಟಪದಲ್ಲಿ 24 ಕಂಬ, ಪ್ರತಿ ಕಂಬದ ತಲೆಗೂ ನಾಲ್ಕು ದಿಕ್ಕಿಗೆ ಹಾಥೋರ್ ಮುಖ. ಎಷ್ಟೋ ಮುಖಗಳನ್ನು ಆಮೇಲಿನ ಕಾಲದವರು ಒಡೆದುಹಾಕಿದ್ದಾರೆ. ಚಾವಣಿಯ ಮಸಿ ತೊಳೆದಿರುವುದರಿಂದ ನೀಲಿ ಬಣ್ಣ ಎದ್ದು ಕಾಣುತ್ತದೆ, ಕತ್ತು ನೋಯುವಷ್ಟು ಹೊತ್ತು ನೋಡಿ. ಹೊಸ ವರ್ಷದ ದಿನ ಮೂರ್ತಿಗೆ ಸೂರ್ಯನ ಬಿಸಿಲು ತಾಗಲಿ ಅಂತ ಮಹಡಿಗೆ ಹೊತ್ತು ಹೋಗುತ್ತಿದ್ದ ಸುರುಳಿ ಮೆಟ್ಟಿಲ ಗೋಡೆಯಲ್ಲಿ ಆ ಮೆರವಣಿಗೆಯನ್ನೇ ಕೆತ್ತಿದ್ದಾರೆ. ಮಹಡಿಯ ಕೋಣೆಯಲ್ಲಿರುವ ರಾಶಿಚಕ್ರ ನಕಲು, ಮೂಲವನ್ನು 1821ರಲ್ಲಿ ಕಿತ್ತು ಒಯ್ದರು, ಈಗ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ.

ಆಮೇಲೆ ಗುಡಿಯ ಹಿಂಬದಿಗೆ ಖಂಡಿತ ಹೋಗಿ. ಎಲ್ಲರೂ ಅಲ್ಲಿ ಕ್ಲಿಯೋಪಾತ್ರ ಮತ್ತು ಮಗ ಸಿಸೇರಿಯನ್ ಚಿತ್ರದ ಫೋಟೊ ತೆಗೆದು ಹೊರಟುಬಿಡುತ್ತಾರೆ. ಅದೇ ಗೋಡೆಯ ನಡುವೆ ಹಾಥೋರ್‌ನ ದೊಡ್ಡ ಮುಖ ಇದೆ. ಒಳಗೆ ಹೋಗಲು ಅನುಮತಿ ಇಲ್ಲದ ಜನ ಹೊರಗೆ ನಿಂತು ಬೇಡಿಕೊಳ್ಳುತ್ತಿದ್ದ ಜಾಗ. ಗರ್ಭಗುಡಿಗೆ ಸರಿಯಾಗಿ ಹಿಂದೆ ಬರುತ್ತದೆ. ಮುಟ್ಟಿ, ಕೆರೆದು ಕಲ್ಲು ಸವೆದುಹೋಗಿದೆ. ನಿಮ್ಮ ಹರಕೆಯ ರಾಶಿಯ ಮಾತು ಓದಿದ ಮೇಲೆ, ನೀವು ಜಾಸ್ತಿ ಹೊತ್ತು ನಿಲ್ಲುವುದು ಅಲ್ಲೇ ಅನ್ನಿಸುತ್ತದೆ. ಹೊರಡುವ ಮೊದಲು ಇಲ್ಲೊಂದು ಸಾಲು ಹಾಕಿ, ಎಡ್ಫು ಮತ್ತು ಫಿಲೇ ಹೇಗೆ ಸೇರಿಸಬಹುದು ಅಂತ ಬರೆಯುತ್ತೇನೆ.